ಪ್ರಿಫರೆಬಲ್ ಮಾಸ್ತರ

ಮುಂಬೈ ಸರಕಾರದ ದಿನಗಳು ನಿನ್ನೆಗೆ ಮುಗಿದವು, ಇವತ್ತಿನಿಂದ ಕನ್ನಡದವರೆಲ್ಲ ಒಂದೇ ರಾಜ್ಯದವರು ಎಂದು ಬೆಟಗೇರಿಯ ಓಣಿಗಳಲ್ಲಿ ಜನ ಬೆಳಿಗ್ಗೆಯೇ ಕೂಗುತ್ತ ಹೋದಾಗ, ಗವಿಸಿದ್ದಪ್ಪ ಮಾಸ್ತರ ಕನ್ನಡಿಯ ಮುಂದೆ ಅರ್ಧ ಗಡ್ಡ ಹೆರೆದುಕೊಂಡು ನಿಂತಿದ್ದ. ಉಳಿದರ್ಧವನ್ನು ಮರೆತಿದ್ದ. ಅವನ ತಲೆಯಲ್ಲಿ ರಾಜ್ಯವಿರಲಿಲ್ಲ, ಒಂದು ಇಂಗ್ಲೀಷ ಶಬ್ದವಿತ್ತು. ‘ಪ್ರಿಫರೆಬಲ್’. ಹೈಸ್ಕೂಲಿನಲ್ಲಿ ಇಂಗ್ಲೀಷ ಕಲಿಸುವವನಿಗೆ ಇಂಗ್ಲೀಷ ಶಬ್ದ ತಲೆಯಲ್ಲಿರುವುದು ದೊಡ್ಡ ಮಾತಲ್ಲ, ಆದರೆ ಇದು ಪುಸ್ತಕದಿಂದ ಬಂದದ್ದಲ್ಲ, ಗದಗಿನ ಸ್ಟೇಶನ್ ಹತ್ತಿರದ ಚಹಾದಂಗಡಿಯಿಂದ ಬಂದದ್ದು. ಹತ್ತಿ ಪೇಟೆಯಲ್ಲಿ ಗುಮಾಸ್ತನಾಗಿದ್ದ ಚನ್ನಬಸವಣ್ಣ ಅಲ್ಲಿ ಬಸಿಗೆ ಚಹಾ ಸುರುವಿಕೊಂಡು, ಸುತ್ತ ಯಾರೂ ಇಲ್ಲವೆಂದು ನೋಡಿ, “ನಮ್ಮ ಅನ್ನಪೂರ್ಣಾಗ ಗಂಡು ನೋಡಾಕತ್ತೀವ್ರಿ ಮಾಸ್ತರ. ಇಂಗ್ಲೀಷ ಮಾಸ್ತರಾದ್ರ ಪ್ರಿಫರೆಬಲ್ ನೋಡ್ರಿ” ಎಂದಿದ್ದ. ಎಂದವನು ಚಹಾ ಕುಡಿಯದೆ ಇವನ ಮುಖವನ್ನೇ ನೋಡುತ್ತ ಕೂತಿದ್ದ. ಗದಗ-ಬೆಟಗೇರಿಯಲ್ಲಿ ಮದುವೆಯಾಗದ ಇಂಗ್ಲೀಷ ಮಾಸ್ತರು ಗಾಡಿಗಟ್ಟಲೆ ಇರಲಿಲ್ಲ. ಕಲ್ಲಿಗೂ ತಿಳಿಯುವ ಮಾತು ಅದು. ಗವಿಸಿದ್ದಪ್ಪನಿಗೂ ತಿಳಿದಿತ್ತು, ಕಿವಿಯ ತುದಿ ಬಿಸಿಯಾಗಿತ್ತು. ಆದರೆ ಬಾಯಿ ತೆರೆದಾಗ ಬಂದದ್ದು, “ಆ ಶಬ್ದದ ಮುಂದ ‘ಟು’ ಬರಬೇಕ್ರಿ. ಇಂಥಾದ್ದಕ್ಕಿಂತ ಇಂಥಾದ್ದು ಅಂತ. ಬರೇ ಪ್ರಿಫರೆಬಲ್ ಅಂದ್ರ ಅರ್ಥ ಪೂರಾ ಆಗೂದಿಲ್ಲ.”

ಚನ್ನಬಸವಣ್ಣ “ಹಂಗೇನ್ರಿ” ಎಂದು ಆರಿದ ಚಹಾ ಕುಡಿದಿದ್ದ. ಒಳ್ಳೆಯ ಮನುಷ್ಯ, ಇನ್ನೊಂದು ಬಾಗಿಲನ್ನೂ ತೆರೆದಿಟ್ಟು ಹೋಗಿದ್ದ. “ಏಕೀಕರಣದ ದಿನ ಸಂಜೀಕ ಮನಿ ಕಡೆ ಬರ್ರಿ. ದೀವಳಿಗಿ ಹಬ್ಬ ಆದ ಕೂಡ್ಲೆ ಮುಂಡರಗಿಯವರು ಕನ್ಯಾ ನೋಡಾಕ ಬರ್ತೀವಿ ಅಂತಾರ. ಅವರಿಗೆ ಹೂಂ ಅನ್ನಬೇಕೋ ಬ್ಯಾಡೋ, ಅಷ್ಟರಾಗ ನೀವು ಒಂದ ಮಾತು ಹೇಳಿಬಿಟ್ರ ಚೊಲೋ.” ಆ ಸಂಜೆ ಇವತ್ತಿನದು.

ಅಂದಿನಿಂದ ಇವತ್ತಿನವರೆಗೆ ಒಂದು ಮಾತನ್ನು ಸಿದ್ಧಮಾಡಿಕೊಳ್ಳುವ ಬದಲು ಅವನು ಒಂದು ಶಬ್ದವನ್ನು ಜಗಿದಿದ್ದ. ಪ್ರಿಫರೆಬಲ್ ಅಂದರೆ ಹೆಚ್ಚು ಬೇಕಾದದ್ದು, ಎರಡಿದ್ದರೆ ಆರಿಸಿಕೊಳ್ಳಲು ಯೋಗ್ಯವಾದದ್ದು. ಇದು ಡಿಕ್ಷನರಿಯ ಮಾತು. ಈ ಅರ್ಥ ಹಿಡಿದಾಗ ಎದೆ ಉಬ್ಬುತ್ತಿತ್ತು. ಆದರೆ ನೌಕರಿಯ ಜಾಹೀರಾತಿನಲ್ಲಿ ಇದೇ ಶಬ್ದ ಬೇರೆ ಅಂಗಿ ತೊಟ್ಟು ಬರುತ್ತದೆಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ‘ಬಿ.ಟಿ. ಆದವರು ಪ್ರಿಫರೆಬಲ್’ ಎಂದು ಅವನ ಶಾಲೆಯವರು ಪೇಪರಿನಲ್ಲಿ ಹಾಕಿದ್ದರು. ಆ ಮಾಸ್ತರಿಕೆಯ ಪದವಿ ಆದವರು ಒಬ್ಬರೂ ಬರಲಿಲ್ಲ, ಆಗದ ಇವನು ಹೋಗಿದ್ದ. “ಇರಲಿ ಬಿಡ್ರಿ, ಇವರೇ ಆಗಲಿ” ಎಂದು ಕಮಿಟಿಯ ಅಧ್ಯಕ್ಷರು ಆಕಳಿಸುತ್ತ ಹೇಳಿದ್ದನ್ನು ಅವನು ಬಾಗಿಲ ಹೊರಗೆ ನಿಂತು ಕೇಳಿದ್ದ. ಅಂದರೆ ಸಿಕ್ಕರೆ ಒಳ್ಳೆಯದು, ಸಿಗದಿದ್ದರೆ ಅಡ್ಡಿಯಿಲ್ಲ. ಹಾಗಾದರೆ ಚನ್ನಬಸವಣ್ಣನ ಮನೆಯಲ್ಲಿ ಇಂಗ್ಲೀಷ ಮಾಸ್ತರ ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೆ ಮುಂಡರಗಿಯ ಕಿರಾಣಿ ಅಂಗಡಿಯವನೂ ನಡೆದೀತು. ಇದು ಮರ್ಯಾದೆಯೋ ಅವಮರ್ಯಾದೆಯೋ? ಕೆಲವೊಮ್ಮೆ ರಾತ್ರಿಯ ಊಟದ ಹೊತ್ತಿಗೆ ಮರ್ಯಾದೆ ಅನಿಸಿದ್ದು ಬೆಳಗಿನ ಚಹಾದ ಹೊತ್ತಿಗೆ ಅವಮರ್ಯಾದೆ ಅನಿಸುತ್ತಿತ್ತು. ಪಾಪ, ಹೆಣ್ಣು ಕೊಡಲು ಬಂದವನು ಅರ್ಥ ಕೇಳಲಿಕ್ಕೆ ಬಂದಿರಲಿಲ್ಲ ಎಂಬುದೊಂದು ಅವನಿಗೆ ಹೊಳೆಯಲಿಲ್ಲ.

ಕ್ಲಾಸಿನಲ್ಲೂ ಅದೇ. ಕಳೆದ ವಾರ ಬೋರ್ಡಿನ ಮೇಲೆ ಆ ಶಬ್ದ ಬರೆದು, ರೊಟ್ಟಿ ಅನ್ನಕ್ಕಿಂತ ಪ್ರಿಫರೆಬಲ್, ಸಾವು ಅವಮಾನಕ್ಕಿಂತ ಪ್ರಿಫರೆಬಲ್ ಎಂದು ಭಾರೀ ಉದಾಹರಣೆ ಕೊಟ್ಟ. ಹಿಂದಿನ ಬೆಂಚಿನಿಂದ ಯಾರೋ “ಸರ್, ನಿಮಗ ಯಾವುದ್ರಿ?” ಎಂದರು. ರೊಟ್ಟಿಯ ವಿಷಯ ಕೇಳಿದ್ದೋ ಸಾವಿನ ವಿಷಯ ಕೇಳಿದ್ದೋ ಗೊತ್ತಾಗಲಿಲ್ಲ. “ಉದಾಹರಣೆಗೆ ಮಾಸ್ತರನ್ನ ಹಿಡೀಬಾರದು” ಎಂದು ಬೋರ್ಡು ಒರೆಸಿದ. ಕ್ಲಾಸು ನಕ್ಕಿತು. ಒರೆಸುತ್ತಿರುವಾಗ ಕೈಯ ಮೇಲೆ ಬಿದ್ದ ಸುಣ್ಣದ ಪುಡಿ ನೋಡಿ ಅನ್ನಪೂರ್ಣವ್ವನ ಕೈ ನೆನಪಾಯಿತು. ಅವಳು ಹೆಣ್ಣುಮಕ್ಕಳ ಶಾಲೆಯಲ್ಲಿ ಅಕ್ಕೋರು. ಸಂಜೆ ಶಾಲೆ ಬಿಟ್ಟು ಬರುವಾಗ ಕೈಗೆ ಅಂಟಿದ ಸುಣ್ಣವನ್ನು ಒರೆಸಿಕೊಳ್ಳದೆ, ಕೊಡೆಯನ್ನು ಕಂಕುಳಲ್ಲಿಟ್ಟು, ಯಾರನ್ನೂ ದಾರಿ ಕೇಳದವಳ ಹಾಗೆ ಬರಬರನೆ ನಡೆಯುತ್ತಿದ್ದಳು. ಅವಳನ್ನು ನೋಡಲೆಂದೇ ಅವನು ಬೆಟಗೇರಿಗೆ ಹೋಗುವ ನೆಟ್ಟನೆಯ ದಾರಿ ಬಿಟ್ಟು ಸುತ್ತು ಹಾಕುತ್ತಿದ್ದ. ಗಾಳಿ ಚೊಲೋ ಇರ್ತೈತಿ ಎಂದು ತನಗೇ ಹೇಳಿಕೊಳ್ಳುತ್ತಿದ್ದ. ಆ ದಾರಿಯಲ್ಲಿ ಚರಂಡಿಯಿತ್ತು. ಅವನಿಗೆ ಅವಳು ಬೇಕಾಗಿದ್ದಳು. ಇಷ್ಟು ಸರಳವಾದ ಮಾತನ್ನು ಅವನು ಕನ್ನಡದಲ್ಲೂ ಹೇಳಿರಲಿಲ್ಲ, ಇಂಗ್ಲೀಷಿನಲ್ಲೂ ಹೇಳಿರಲಿಲ್ಲ.

ಬೇಕು ಅನ್ನುವುದು ಅವನ ಮನೆಯಲ್ಲಿ ಬೈಗುಳದ ಪಕ್ಕದ ಶಬ್ದ. ಅವನ ಹುಟ್ಟೂರು ಅಡರಕಟ್ಟಿಯಲ್ಲಿ ಬಂಧು ಬಳಗದ ಮನೆಗೆ ಊಟಕ್ಕೆ ಹೋದರೆ ‘ಸಾಕು ಸಾಕು’ ಅನ್ನುತ್ತಲೇ ಇರಬೇಕು, ಬಡಿಸುವವರು ಬಡಿಸುತ್ತಲೇ ಇರಬೇಕು. ಹಸಿದವನು ಕೈ ಅಡ್ಡ ಹಿಡಿಯಬೇಕು, ಅವನ ಹಸಿವನ್ನು ಮತ್ತೊಬ್ಬರು ತಿಳಿಯಬೇಕು. “ನಮ್ಮ ಗವಿ ಏನೂ ಬೇಡೂದಿಲ್ಲ ನೋಡು, ದೇವರಂಥಾವ” ಎಂದು ಅವ್ವ ಇದ್ದಾಗ ಹೇಳುತ್ತಿದ್ದಳು. ದೇವರಿಗೆ ಬೇಡದೆ ಎಲ್ಲ ಸಿಗುತ್ತದೆ. ಇವನೂ ಮೂವತ್ತು ದಾಟುವವರೆಗೆ ಹಾಗೇ ಕಾದ. ಓದು ಅಪ್ಪ ಆರಿಸಿದ್ದು, ನೌಕರಿ ಬೇರೆಯವರು ಬಾರದ್ದರಿಂದ ಸಿಕ್ಕದ್ದು, ಮನೆ ನೇಕಾರ ಖಾಜಾಸಾಬ “ಇದ ಇರಲಿ ಮಾಸ್ತರ” ಎಂದು ತನ್ನ ಮನೆಯ ಮುಂದಿನ ಎರಡು ಖೋಲಿ ತೋರಿಸಿದ್ದಕ್ಕೆ ಹಿಡಿದದ್ದು. ತನಗೆ ಆಸೆಯಿಲ್ಲ ಎಂದು ಅವನು ಒಳಗೊಳಗೆ ಹೆಮ್ಮೆಪಡುತ್ತಿದ್ದ. ಆಸೆಯಿತ್ತು, ಧೈರ್ಯವಿರಲಿಲ್ಲ. ಆಸೆ ಇಲ್ಲದ್ದಕ್ಕೂ ಧೈರ್ಯ ಇಲ್ಲದ್ದಕ್ಕೂ ಅಂಗಿ ಒಂದೇ, ಬಿಳಿ ಖಾದಿ.

ಅದೇ ಖಾದಿ ತೊಟ್ಟು, ಉಳಿದರ್ಧ ಗಡ್ಡವನ್ನೂ ಹೆರೆದುಕೊಂಡು ಶಾಲೆಗೆ ಹೋದ. ಝೇಂಡಾ ಏರಿತು. ಅಧ್ಯಕ್ಷರು ಕನ್ನಡ ತಾಯಿಯ ಬಗ್ಗೆ ಅರ್ಧ ಮರಾಠಿಯಲ್ಲಿ ಭಾಷಣ ಮಾಡಿದರು. ಹೆಡ್ ಮಾಸ್ತರರು ಒಬ್ಬೊಬ್ಬರ ಬಾಯಿಗೆ ಸಕ್ಕರೆ ಹಾಕಿದರು. ಮೆರವಣಿಗೆ ಹೊರಟಿತು. ಪ್ರತಿ ಅಂಗಡಿಯ ಮುಂದೆ ಒಬ್ಬರು ತಟ್ಟೆ ಹಿಡಿದು ನಿಂತಿದ್ದರು, ಕೆಲವರು ಫೇಡೆ, ಹೆಚ್ಚಿನವರು ಸಕ್ಕರೆ. ಕೈಗೆ ಕೊಡುವವರೇ ಕಡಿಮೆ, ಎಲ್ಲರೂ ನೇರ ಬಾಯಿಗೇ. “ಬಾಯಿ ತೆಗೀರಿ ಮಾಸ್ತರ.” ಅವನು ತೆಗೆದ. “ಜೈ ಕರ್ನಾಟಕ.” ಮುಂದಿನ ಅಂಗಡಿ. “ಬಾಯಿ ತೆಗೀರಿ.” ತೆಗೆದ. ನಡುವೆ ಇಬ್ಬರು, ರಾಜ್ಯಕ್ಕೆ ಮೈಸೂರು ಅನ್ನೋ ಹೆಸರು ಇಟ್ಟಿದ್ದು ಸರಿಯೋ ತಪ್ಪೋ ಎಂದು ಜಗಳಕ್ಕೆ ನಿಂತು, ಕಲಿತವರು ನೀವು ಹೇಳ್ರಿ ಎಂದು ಇವನನ್ನು ಎಳೆದರು. ಎರಡೂ ಕಡೆ ವಿಚಾರ ಮಾಡೂವಂಥಾದ್ದು ಐತಿ ಎಂದ. ಅವರಿಬ್ಬರೂ ಒಂದಾಗಿ ಇವನನ್ನೇ ಹಳಿಯುತ್ತ ಮುಂದೆ ಹೋದರು. ಏಕೀಕರಣ ಅಷ್ಟರಮಟ್ಟಿಗೆ ಅವನಿಂದಲೂ ಆಯಿತೆನ್ನಬೇಕು. ಹೊಟ್ಟೆಯಲ್ಲಿ ಸಿಹಿ ತುಂಬಿ, ಬಾಯಿ ಅಂಟಂಟಾಗಿ, ಸಂಜೆ ಏನು ಹೇಳಬೇಕೆಂಬುದು ಇನ್ನೂ ತಿಳಿಯದೆ, ಮಧ್ಯಾಹ್ನ ಸುಡುವ ಬಿಸಿಲಲ್ಲಿ ಮನೆಗೆ ಬಂದ.

ಹೊಸಿಲು ದಾಟಿದಾಗ ಕಣ್ಣಿಗೆ ಕತ್ತಲೆ. ಒಳಗೆ ಜನ ಕೂತಿದ್ದಾರೆ ಎಂದಷ್ಟೇ ಗೊತ್ತಾಯಿತು. “ಬಾಯಿ ತೆಗಿ ತಮ್ಮಾ” ಎಂಬ ಮಾತು ಬಂತು, ಬಳೆಯ ಸಪ್ಪಳದ ಜೊತೆ ಒಂದು ಕೈ ಬಂತು. ಅವನು ಬಾಯಿ ತೆಗೆದ. ಬೆಳಗಿನಿಂದ ಅದೇ ಕೆಲಸ ತಾನೆ? ಸಕ್ಕರೆ ಬಿತ್ತು. ಅದನ್ನು ನಾಲಿಗೆಯಿಂದ ಒಂದು ದವಡೆಗೆ ತಳ್ಳಿ ಬೆಳಗಿನಿಂದ ಅಂದ ಹಾಗೆಯೇ “ಜೈ ಕರ್ನಾಟಕ” ಅಂದ. ಕತ್ತಲೆಯಲ್ಲಿ ಎಲ್ಲರೂ ಗೊಳ್ಳನೆ ನಕ್ಕರು. ಕಣ್ಣು ಹೊಂದಿಕೊಂಡಾಗ ಕಂಡದ್ದು ಅಕ್ಕ ಕರಿಯವ್ವ, ಅವಳ ಗಂಡ ಹೊಳೆಯಪ್ಪ, ಅಡರಕಟ್ಟಿಯ ಇಬ್ಬರು ಹಿರಿಯರು, ಮಗ್ಗ ನಿಲ್ಲಿಸಿ ಬಂದು ಗೋಡೆಗೆ ಬೆನ್ನು ಆನಿಸಿ ಕೂತ ಖಾಜಾಸಾಬ. ಒಳಗಿನ ಖೋಲಿಯ ಬಾಗಿಲಲ್ಲಿ ಅಕ್ಕನ ಮಗಳು ಮಂಜವ್ವ ನಿಂತಿದ್ದಳು. ಹಿರಿಯರಲ್ಲೊಬ್ಬರು ಮೀಸೆ ಒರೆಸಿ, “ಆತಪ್ಪ, ಗಂಡು ಒಪ್ಪಿದಂಗಾತು. ಹೆಣ್ಣ ಸಿಕ್ಕದ್ದಕ್ಕ ಜೈ ಅಂದಾಂವ ಇವನೊಬ್ಬನ ನೋಡ್ರಿ” ಎಂದರು.

ಅವರ ಕಡೆ ಹೆಣ್ಣು ಗಂಡಿನ ಮಾತು ಗಟ್ಟಿಯಾಗುವುದು ಸಕ್ಕರೆಯಿಂದ. ಹಿರಿಯರ ಎದುರು ಮೊದಲು ಗಂಡಿನ ಬಾಯಿಗೆ, ಆಮೇಲೆ ಹೆಣ್ಣಿನ ಬಾಯಿಗೆ ಸಕ್ಕರೆ ಬಿದ್ದರೆ ಮುಗಿಯಿತು, ಮೇಲೆ ಬ್ರಹ್ಮ ಬಂದರೂ ತಪ್ಪಿಸುವಂತಿಲ್ಲ. ಒಲ್ಲದ ಗಂಡು ಸಕ್ಕರೆ ಕಂಡ ಕೂಡಲೇ ಮುಖ ತಿರುಗಿಸಿಕೊಳ್ಳುತ್ತಾನೆ, ಹಳ್ಳಿಯ ದಡ್ಡನಿಗೂ ಅಷ್ಟು ತಿಳಿಯುತ್ತದೆ. ಹಬ್ಬದ ಸಂತೆಗೆಂದು ಊರಿಂದ ಬಸ್ಸು ಹತ್ತಿ ಬಂದವರು, ತಮ್ಮ ಹೇಗೂ ಬೇಡ ಅನ್ನುವವನಲ್ಲವಾದ್ದರಿಂದ ಇದನ್ನೂ ಮುಗಿಸಿಕೊಂಡೇ ಹೋಗೋಣ ಎಂದು ಕೂತಿದ್ದರು. ಗವಿಸಿದ್ದಪ್ಪನ ದವಡೆಯಲ್ಲಿ ಸಕ್ಕರೆ ಇನ್ನೂ ಕರಗಿರಲಿಲ್ಲ. ಉಗುಳುವಂತಿಲ್ಲ, ನುಂಗುವಂತಿಲ್ಲ. ‘ಇದು ರಾಜ್ಯದ ಸಕ್ಕರಿ ಅಂತ ತಿಳಿದಿದ್ದೆ’ ಎಂದು ಈಗ ಹೇಳಬಹುದಿತ್ತು. ಜನ ನಗುತ್ತಿದ್ದರು, ನಕ್ಕು ಮರೆಯುತ್ತಿದ್ದರು. ಆದರೆ ಇಂಗ್ಲೀಷ ಮಾಸ್ತರ ಬಾಯಿ ಬಿಡಲಿಲ್ಲ, ಬಿಟ್ಟರೆ ಸಕ್ಕರೆ ಬೀಳುತ್ತದೆಂಬಂತೆ ಮುಚ್ಚಿಕೊಂಡು ನಿಂತ. ಅಷ್ಟರಲ್ಲಿ ಖಾಜಾಸಾಬ “ಮುಬಾರಕ್ ರೀ ಮಾಸ್ತರ” ಎಂದು ತಟ್ಟೆಯಿಂದ ಒಂದು ಹಿಡಿ ಸಕ್ಕರೆ ತೆಗೆದುಕೊಂಡು ಓಣಿಗೆ ಹಂಚಲು ಹೊರಟೇಬಿಟ್ಟ. ಹೊಳೆಯಪ್ಪ ಎಲೆಗೆ ಸುಣ್ಣ ಹಚ್ಚುತ್ತ, “ನಮ್ಮಪ್ಪನ ಕಾಲಕ್ಕ ಸಂಸ್ಥಾನ, ನಮ್ಮ ಕಾಲಕ್ಕ ಮುಂಬೈ, ಇವತ್ತ ಮೈಸೂರು. ಯಾರೂ ನಮ್ಮನ್ನ ಕೇಳಲಿಲ್ಲ, ನಾವೂ ಬ್ಯಾಡ ಅನಲಿಲ್ಲ. ಹೊಲ ಇದ್ದಲ್ಲೇ ಐತಿ” ಎಂದು ಹಿರಿಯರಿಗೆ ಹೇಳುತ್ತಿದ್ದ.

ಆಗ ಮಾಸ್ತರನ ಮನಸ್ಸು ಒಂದು ವಿಚಿತ್ರ ಕೆಲಸ ಮಾಡಿತು. ಸಕ್ಕರೆ ಪೂರ್ತಿ ಕರಗುವುದರೊಳಗೆ ಅದು ಒಂದು ತ್ಯಾಗವನ್ನು ಹೆಣೆದು ಮುಗಿಸಿತು. ಅಕ್ಕನಿಗಾಗಿ, ‘ದೇವರಂಥಾವ’ ಎಂದಿದ್ದ ಸತ್ತ ಅವ್ವನ ಮಾತಿಗಾಗಿ, ತಾನು ಕಲಿತ ಹೆಣ್ಣನ್ನು ಬಿಟ್ಟು ಹಳ್ಳಿಯ ಅಕ್ಕನ ಮಗಳನ್ನು ಕೈ ಹಿಡಿದವನು. ಆ ಚಿತ್ರದಲ್ಲಿ ಅವನು ಚೆನ್ನಾಗಿ ಕಾಣುತ್ತಿದ್ದ. ಮಂಜವ್ವ ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು, ಪಾಪ, ಅವಳಿಗೆ ದಿನಾ ಎರಡು ಇಂಗ್ಲೀಷ ಶಬ್ದ ಹೇಳಿಕೊಡಬೇಕು, ಅವಳು ತನ್ನನ್ನು ದೇವರೆಂದು ತಿಳಿಯುತ್ತಾಳೆ. ವಿಚಾರ ಮಾಡಿ ನೋಡಿದರೆ ಇದೇ ಪ್ರಿಫರೆಬಲ್. ಸಂಜೆ ಎಲ್ಲಿಗೂ ಹೋಗಿ ಯಾರ ಮುಂದೂ ಬೇಕು ಅನ್ನುವ ಪ್ರಸಂಗವೇ ಇಲ್ಲ. ಅನ್ನಪೂರ್ಣವ್ವನ ನೆನಪಾಗಿ ಎದೆಯೊಳಗೆ ಏನೋ ಚುಚ್ಚಿತು. ಅದನ್ನೂ ತ್ಯಾಗದ ಲೆಕ್ಕಕ್ಕೇ ಹಾಕಿಕೊಂಡ.

ಕರಿಯವ್ವ ತಟ್ಟೆ ಹಿಡಿದು ಮಗಳ ಕಡೆ ತಿರುಗಿದಳು. “ಬಾಯಿ ತೆಗಿ ಮಂಜೀ.” ಮಂಜವ್ವ ಬಾಯಿ ತೆಗೆಯಲಿಲ್ಲ. ನಾಚಿಕೆ ಎಂದು ಹಿರಿಯರು ನಕ್ಕರು. ಕರಿಯವ್ವ ಬೆರಳುಗಳಲ್ಲಿ ಸಕ್ಕರೆ ಹಿಡಿದು ತುಟಿಗೆ ಒತ್ತಿದಳು. ಮಂಜವ್ವ ತುಟಿ ಬಿಗಿಹಿಡಿದು ಅಲುಗದೆ ನಿಂತಳು. ಸಕ್ಕರೆ ಗದ್ದದ ಮೇಲಿಂದ ಸೆರಗಿಗೆ, ಸೆರಗಿನಿಂದ ನೆಲಕ್ಕೆ ಬಿತ್ತು. ಅವಳು ಹಿಂಗೈಯಿಂದ ತುಟಿ ಒರೆಸಿಕೊಂಡು ಆಮೇಲೆ ಬಾಯಿ ಬಿಟ್ಟಳು.

“ನಾ ಒಲ್ಲೆ ಯವ್ವಾ.”

“ಏನಂದಿ? ನಿನ್ನ ಸೋದರಮಾವ ಅಂವ. ಏನ ಕಡಿಮಿ ಆಗೈತಿ ಅವಗ?”

“ಮಾವ ಕೆಟ್ಟಾಂವ ಅಲ್ಲ. ಆದ್ರ ಸಕ್ಕರಿ ಯಾಕ ತಿಂದಿ ಅಂತ ಅವನ್ನ ಕೇಳ್ರಿ. ಯಾವುದರ ಸಕ್ಕರಿ ಅಂತ ಅವಗ ಗೊತ್ತಿದ್ದಿಲ್ಲ. ಬಾಯಿಗೆ ಬಂತು, ತಿಂದ. ನಾ ನೋಡಿದ್ನಿ.” ಅವಳು ಅವನ ಕಡೆ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಕನಿಕರವಿತ್ತು, ಅದೇ ಹೆಚ್ಚು ಉರಿಯಿತು. “ಲಕ್ಷ್ಮೇಶ್ವರದ ಹಿಟ್ಟಿನ ಗಿರಣಿ ಅಂದಪ್ಪ ಎರಡ ಸಲ ಬಂದು ಕೇಳಿ ಹೋದ. ಅಪ್ಪ ಆಗೂದಿಲ್ಲ ಅಂದ. ಅಂವ ನನಗ ಬೇಕು. ಕೊಟ್ರ ಅವಗ ಕೊಡ್ರಿ.”

ಬೇಕು. ನಾಲ್ಕನೆಯ ಇಯತ್ತೆಯ ಹುಡುಗಿ ಆ ಶಬ್ದವನ್ನು ಹಿರಿಯರ ನಡುವೆ, ಉಪ್ಪು ಕೇಳಿದಷ್ಟು ಸಲೀಸಾಗಿ ಆಡಿದಳು. ಕರಿಯವ್ವ ಮಗಳ ಬೆನ್ನಿಗೆ ಎರಡು ಏಟು ಹಾಕಿದಳು. ಹೊಳೆಯಪ್ಪನ ಎಲೆ ಬಾಯಿಗೆ ಹೋಗದೆ ಕೈಯಲ್ಲೇ ಉಳಿಯಿತು. “ಖರೇನೇನೋ ಗವಿ? ನಿನಗ ಗೊತ್ತಿರಲಿಲ್ಲೇನು?” ಎಂದು ಅಕ್ಕ ಕೇಳಿದಳು. ಗವಿಸಿದ್ದಪ್ಪ ನೆಲದ ಸಕ್ಕರೆ ನೋಡುತ್ತ, “ಹಂಗೇನಿಲ್ಲಕ್ಕ, ಹಿರಿಯರು ಹ್ಯಾಂಗ ಅಂತೀರಿ ಹಂಗ” ಎಂದ. ಹಿರಿಯರು ಬಸ್ಸಿಗೆ ಹೊತ್ತಾಯಿತೆಂದು ಎದ್ದರು. ಅವನು ಈಗಷ್ಟೇ ಕಟ್ಟಿದ ತ್ಯಾಗದ ಗುಡಿಯಲ್ಲಿ ದೇವರೂ ಇಲ್ಲ, ಭಕ್ತಳೂ ಇಲ್ಲ. ತಾನು ದೊಡ್ಡ ಮನಸ್ಸು ಮಾಡಿ ಸ್ವೀಕರಿಸಲು ಹೊರಟವಳು ತನ್ನನ್ನು ಒಲ್ಲೆ ಅಂದಿದ್ದಳು, ಗಿರಣಿಯವನ ಸಲುವಾಗಿ. ಹಿಟ್ಟು ತನಗಿಂತ ಪ್ರಿಫರೆಬಲ್. ಈ ಸಲ ಶಬ್ದದ ಅರ್ಥ ಪೂರ್ತಿಯಾಗಿತ್ತು.

ಸಂಜೆ ಗದಗಿಗೆ ನಡೆದಾಗ ಅವನ ಕಾಲುಗಳು ಬೇಗ ಬೇಗ ಬೀಳುತ್ತಿದ್ದವು. ಅವಮಾನಕ್ಕೂ ಒಂದು ಉಪಯೋಗವುಂಟು, ಅದು ಮನುಷ್ಯನನ್ನು ಕೂತಲ್ಲಿಂದ ಎಬ್ಬಿಸುತ್ತದೆ. ಈಗ ಅಡ್ಡಿಯಿಲ್ಲ, ಬಾಯಿ ಖಾಲಿಯಿದೆ, ಹೇಳಿಬಿಡುತ್ತೇನೆ. ನನಗೆ ನಿಮ್ಮ ಮಗಳು ಬೇಕು. ನಾಲ್ಕು ಶಬ್ದ. ದಾರಿಯುದ್ದಕ್ಕೂ ಅಂದುಕೊಂಡ. ಹೆಣ್ಣುಮಕ್ಕಳ ಶಾಲೆಯ ಎದುರು ಗಟ್ಟಿಯಾಗಿಯೇ ಅಂದ, ಅಲ್ಲಿ ಕಟ್ಟಿದ ಎಮ್ಮೆ ಕಿವಿ ಎತ್ತಿತು.

ಚನ್ನಬಸವಣ್ಣ ಕಟ್ಟೆಯ ಮೇಲೆಯೇ ಕೂತಿದ್ದ. “ಬರ್ರಿ ಮಾಸ್ತರ, ಕುಂಡ್ರಿ. ಖಬರ ಬಂತ್ರಿ. ಖಾಜಾಸಾಬ ಪ್ಯಾಟಿಯೊಳಗ ಸಿಕ್ಕಿದ್ದ, ಸಕ್ಕರಿ ಕೊಟ್ಟ. ಅಕ್ಕನ ಮಗಳಂತ. ಚೊಲೋ ಆತು ಬಿಡ್ರಿ, ಹಕ್ಕಿನ ಹೆಣ್ಣು.” ಮಾತು ಮರ್ಯಾದೆಯದೇ, ಆದರೆ ದನಿ ಆರಿತ್ತು. ಗವಿಸಿದ್ದಪ್ಪ ಬಾಯಿ ತೆರೆದ. ಅದು ಮುರಿದುಹೋಯಿತು ಎನ್ನಬೇಕು. ಹ್ಯಾಂಗ ಮುರೀತು ಅಂದರೆ? ಹುಡುಗಿ ಒಲ್ಲೆ ಅಂದಳು ಎನ್ನಬೇಕು. ಹಳ್ಳಿಯ ಹುಡುಗಿ, ಇಂಗ್ಲೀಷ ಮಾಸ್ತರನನ್ನು, ಗಿರಣಿಯವನಿಗಾಗಿ. ಅದನ್ನು ಹೇಳಿದ ಬಾಯಿಂದಲೇ ನಿಮ್ಮ ಮಗಳು ಬೇಕು ಎಂದರೆ, ಅಲ್ಲಿ ಸಲ್ಲದ್ದು ಇಲ್ಲಿಗೆ ಬಂತು ಎನ್ನುವುದಿಲ್ಲವೇ? ಒಂದು ಕಡೆ ಅನ್ನಪೂರ್ಣವ್ವ, ಇನ್ನೊಂದು ಕಡೆ ತನ್ನ ಮುಖ. “ಹಂಗರೀ, ಅದು ಮನಿಯವರು ಬಂದಿದ್ದರು...” ಎಂದು ಶುರುಮಾಡಿ ಮುಗಿಸಲಿಲ್ಲ. ಚನ್ನಬಸವಣ್ಣ ಕಾಯ್ದ, ಆಮೇಲೆ ದನಕ್ಕೆ ಮೇವು ಹಾಕುತ್ತೇನೆಂದು ಹಿತ್ತಲಿಗೆ ಹೋದ. ಬೇಕೆಂದೇ ಹೋದ.

ಬಾಗಿಲ ಹಿಂದಿನಿಂದ ಅನ್ನಪೂರ್ಣವ್ವ ಹೊರಗೆ ಬಂದಳು. ಇಷ್ಟು ಹತ್ತಿರದಿಂದ ಅವಳನ್ನು ಅವನು ನೋಡಿರಲಿಲ್ಲ. ಅವಳ ಮುಖ ಕೆಂಪಾಗಿತ್ತು, ಆದರೆ ಕಣ್ಣು ತಗ್ಗಿಸಲಿಲ್ಲ.

“ಮಾಸ್ತರ, ಇಂಗ್ಲೀಷ ಮಾಸ್ತರ ಆದ್ರ ಅಂತ ಅಪ್ಪಗ ಹೇಳಿದಾಕಿ ನಾನ. ನೀವು ಶಾಲಿ ಮುಂದ ಹಾದು ಹೋಗೂದು ನನಗ ಗೊತ್ತೈತಿ. ಆ ಸಕ್ಕರಿ ಮಾತು ಏನೈತೋ ನಾ ಕೇಳೂದಿಲ್ಲ. ಇಷ್ಟ ಕೇಳ್ತೀನಿ. ಮುಂಡರಗಿಯವರಿಗೆ ಬರಬ್ಯಾಡ್ರಿ ಅಂತ ನಾಳೆ ಹೇಳಿ ಕಳಸ್ಲ್ಯಾ?”

ಒಂದು ಹೂಂ ಸಾಕಿತ್ತು. ತಲೆ ಆಡಿಸಿದ್ದರೂ ಸಾಕಿತ್ತು. ಗಂಟಲವರೆಗೆ ಆ ಹೂಂ ಬಂದದ್ದು ಅವನಿಗೇ ಗೊತ್ತಾಯಿತು. ಅನ್ನಪೂರ್ಣವ್ವ ಕಂಬ ಹಿಡಿದು ನಿಂತಳು. ಹಿತ್ತಲಲ್ಲಿ ಮೇವಿನ ಸಪ್ಪಳವೂ ನಿಂತಿತು.

“ಬರಲಿ ಬಿಡ್ರಿ” ಅಂದ ಗವಿಸಿದ್ದಪ್ಪ. “ಬರ್ತೀವಿ ಅಂದವರಿಗೆ ಬ್ಯಾಡ ಅನ್ನೂದು ಚೊಲೋ ಅನಸೂದಿಲ್ಲ. ನೋಡಿ ಹೋಗ್ಲಿ. ಆಮ್ಯಾಲೆ ಎಲ್ಲಾರೂ ಕೂಡಿ ವಿಚಾರ ಮಾಡಿದರಾತು.”

ಅವಳು ಕಂಬದಿಂದ ಕೈ ತೆಗೆದಳು. “ಆತ್ರಿ” ಎಂದಳು. ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಸಪ್ಪಳವಾಗದಂತೆ ಮಾಡಿಕೊಂಡಳು, ಅಷ್ಟು ಮರ್ಯಾದೆ ಉಳಿಸಿದಳು.

ಬೀದಿಗಿಳಿದಾಗ ಮನೆಮನೆಯ ಮುಂದೆ ಹಣತೆ ಹಚ್ಚುತ್ತಿದ್ದರು. ದುಃಖವಾಗುತ್ತದೆ ಎಂದುಕೊಂಡು ಅವನು ನಿಧಾನ ನಡೆದ, ದುಃಖಕ್ಕೆ ದಾರಿ ಬಿಡುವವನಂತೆ. ಬಂದದ್ದು ನಿರಾಳ. ಪರೀಕ್ಷೆ ಮುಂದಕ್ಕೆ ಹೋಯಿತೆಂದು ತಿಳಿದ ಹುಡುಗರಿಗೆ ಆಗುವಂಥದು. ಅದಕ್ಕಾಗಿ ಅವನಿಗೆ ನಾಚಿಕೆಯಾಯಿತು. ಬೆಟಗೇರಿ ಮುಟ್ಟುವುದರೊಳಗೆ ಅದೂ ಹೋಗಿ, ಹಸಿವಾಯಿತು.